ಹಕ್ಕಿಯ ಕಾಲುಂಗುರ ಓದುವುದು: ಪುಣೆಯ ಸುತ್ತಮುತ್ತ ವಲಸೆ ನೋಡುವವರಿಗೆ ಸಮಗ್ರ ಮಾರ್ಗದರ್ಶಿ

ಪುಣೆಯಲ್ಲಿ ಗಣಪತಿ ಕೂಡಿಸುವ ಹೊತ್ತಿಗೆ ನಮ್ಮ ಸೊಸೈಟಿಯ ನೀರಿನ ಟಾಕಿಯ ಅಂಚಿಗೆ ಒಂದು ಬೂದು ಸಿಪಿಲೆ ಬಂದು ಕೂರುತ್ತದೆ. ಹೊಟ್ಟೆ ಹಳದಿ, ಬೆನ್ನು ಬೂದಿ, ಬಾಲಕ್ಕೆ ಒಂದು ಗಳಿಗೆಯೂ ಬಿಡುವಿಲ್ಲ. ಮಲೆನಾಡಿನವರು ಕುಂಡೆಕುಸ್ಕ ಎಂದು ಕರೆದು ನಗುವುದು ಈ ಜಾತಿಯ ಹಕ್ಕಿಗಳನ್ನೇ. ಬೇಸಿಗೆಯನ್ನು ಹಿಮಾಲಯದ ಹಳ್ಳಗಳಲ್ಲೋ ಅದರಾಚೆಯ ನಾಡಿನಲ್ಲೋ ಕಳೆದು, ಮರಿ ಮಾಡಿ, ಮಳೆ ಸಡಿಲಾಗುವಾಗ ಇಲ್ಲಿಗಿಳಿಯುತ್ತದೆ. ಹೆಂಡತಿ ಪ್ರತಿ ವರ್ಷ ಕೇಳುತ್ತಾಳೆ: "ಇದು ಹೋದ ವರ್ಷದ್ದೇನು?" ನನ್ನ ಬಳಿ ಉತ್ತರವಿಲ್ಲ. ದುರ್ಬೀನಿನಲ್ಲಿ ಕಾಣುವುದು ಸಿಪಿಲೆ ಎಂಬ ಜಾತಿ. ಇದೇ ಸಿಪಿಲೆ ಎನ್ನಬೇಕಾದರೆ ಅದರ ಕಾಲಲ್ಲಿ ಒಂದು ಗುರುತು ಇರಬೇಕು.

ಹಕ್ಕಿಗೆ ಉಂಗುರ ತೊಡಿಸುವ ಕೆಲಸವೆಲ್ಲ ಈ ಪ್ರಶ್ನೆಗಾಗಿಯೇ. ತೊಡಿಸುವವರು ದೇಶದಲ್ಲಿ ಬೆರಳೆಣಿಕೆಯಷ್ಟು ಮಂದಿ. ತೊಟ್ಟ ಹಕ್ಕಿಯನ್ನು ಮತ್ತೆ ಕಂಡು, ಸರಿಯಾಗಿ ಓದಿ, ತಿಳಿಸುವ ಕೆಲಸ ಮಾತ್ರ ಯಾರಾದರೂ ಮಾಡಬಹುದು. ಅದು ಕೈಗೆ ಹತ್ತಬೇಕಾದರೆ ಮೊದಲು ವಲಸೆ ನೋಡಲು ಕಲಿಯಬೇಕು. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ಮೊದಲು ಒಂದು ಜಾಗ ಹಿಡಿಯಿರಿ

ಹೊಸಬರು ಮಾಡುವ ತಪ್ಪು ಒಂದೇ. ಈ ಭಾನುವಾರ ಭಿಗವಣ, ಬರುವ ಭಾನುವಾರ ಸಿಂಹಗಡ, ಅದರ ಮುಂದಿನ ವಾರ ಮುಳಶಿ. ಫೋಟೋ ಸಿಗುತ್ತದೆ, ವಲಸೆ ಸಿಗುವುದಿಲ್ಲ. ನಿನ್ನೆ ಇಲ್ಲದ್ದು ಇವತ್ತು ಬಂತು ಎಂದು ಹೇಳಬೇಕಾದರೆ ನಿನ್ನೆಯೂ ಅಲ್ಲಿಯೇ ಇದ್ದಿರಬೇಕಲ್ಲ.

ಮನೆಯಿಂದ ಮುಕ್ಕಾಲು ಗಂಟೆಯೊಳಗೆ ತಲುಪಬಲ್ಲ ಜಾಗವಿರಲಿ. ಅಲ್ಲಿ ಒಂದಿಷ್ಟು ನೀರು, ಒಂದಿಷ್ಟು ಬಯಲು ಹುಲ್ಲು, ಒಂದಿಷ್ಟು ಜಾಲಿಕಂಟಿ, ಮೂರೂ ಇದ್ದರೆ ಒಳ್ಳೆಯದು. ಹಡಪಸರದ ಕಡೆಯವರಿಗೆ ಸೋಲಾಪುರ ರಸ್ತೆಯ ಕವಡಿ ಪಾಟ್ ಇದೆ. ಮುಳಾ-ಮುಠಾ ನದಿಗೆ ಅಡ್ಡ ಕಟ್ಟಿದ ಹಳೆಯ ಒಡ್ಡು. ಊರಿನ ಗಟಾರವೆಲ್ಲ ಹರಿದು ಬರುವುದರಿಂದ ವಾಸನೆ ಇದೆ, ನೊರೆ ಇದೆ, ಪ್ಲಾಸ್ಟಿಕ್ ಇದೆ. ಆದರೆ ಹುಳವೂ ಇದೆ, ಆದ್ದರಿಂದ ಸಿಪಿಲೆಗಳೂ, ಕೆಸರಿನಂಚಿನಲ್ಲಿ ಮೇಯುವ ಗೊರವಗಳೂ ಇವೆ. ಸಾಸವಡ, ಜೇಜುರಿಯ ಮಗ್ಗುಲಿನವರಿಗೆ ಮಾಳಗಳು. ನಮ್ಮ ವಿಜಯಪುರದ ಕಡೆ ಮರಡಿ ಅನ್ನುತ್ತೇವಲ್ಲ, ಅಂಥ ಕಲ್ಲುಮಿಶ್ರ ಒಣ ದಿಬ್ಬ, ಮೊಣಕಾಲುದ್ದದ ಹುಲ್ಲು. ಸರಕಾರಿ ಕಾಗದದಲ್ಲಿ ಇದನ್ನು ಪಾಳುಭೂಮಿ ಎಂದು ಬರೆಯುತ್ತಾರೆ, ಹುಲ್ಲಿನ ಮೇಲೆ ತೇಲುತ್ತ ಬೇಟೆಯಾಡುವ ಹ್ಯಾರಿಯರ್ ಹಕ್ಕಿಗಳಿಗೆ ಆ ಕಾಗದ ಓದಲು ಬರುವುದಿಲ್ಲ. ಬಾರಾಮತಿ ತಾಲ್ಲೂಕಿನ ಸುಪೆಯ ಹತ್ತಿರ ಮಯೂರೇಶ್ವರ ಅಭಯಾರಣ್ಯವೂ ಇಂಥದೇ ನೆಲ, ಚಿಂಕಾರಾ ಜಿಂಕೆಗಳಿಗೆಂದು ಕಾಯ್ದಿಟ್ಟದ್ದು.

ಭಿಗವಣದ ಬಗ್ಗೆ ಒಂದು ಮಾತು. ಉಜನಿ ಜಲಾಶಯದ ಹಿನ್ನೀರು, ಪುಣೆಯಿಂದ ನೂರು ಕಿಲೋಮೀಟರಿನ ಆಸುಪಾಸು. ಕುಂಭಾರಗಾಂವ, ಡಿಕ್ಸಳದ ಮೀನುಗಾರರು ದೋಣಿಯಲ್ಲಿ ಕರೆದುಕೊಂಡು ಹೋಗುತ್ತಾರೆ. ಅದು ಭೀಮೆಯ ನೀರು, ಮುಂದೆ ನಮ್ಮ ಅಫಜಲಪುರಕ್ಕೆ ಹರಿಯುವುದು ಅದೇ, ಹಾಗಾಗಿ ನನಗೆ ಅಲ್ಲಿ ತುಸು ಪಕ್ಷಪಾತವಿದೆ. ಆದರೂ ಅಕ್ಟೋಬರಿನಲ್ಲಿ ಹೋಗಬೇಡಿ. ಮಳೆಗಾಲ ಮುಗಿದಾಗ ಜಲಾಶಯ ತುಂಬಿರುತ್ತದೆ, ಕೆಸರಿನ ದಂಡೆ ನೀರಿನಡಿ ಇರುತ್ತದೆ, ಹಕ್ಕಿಗೆ ಕಾಲೂರಲು ಜಾಗವಿಲ್ಲ. ನೀರು ಇಳಿಯತೊಡಗಿದ ಮೇಲೆ, ನವೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಅದರ ಕಾಲ.

ಯಾವಾಗ ಯಾರು ಬರುತ್ತಾರೆ

ಗೋಡೆಯ ಪಂಚಾಂಗದ ಪಕ್ಕ ಒಂದು ನೋಟ್‌ಬುಕ್ ತೂಗುಹಾಕಿ. ನಾನು ಹಬ್ಬದ ಲೆಕ್ಕದಲ್ಲಿ ನೆನಪಿಟ್ಟುಕೊಂಡು ಇಸವಿ, ತಾರೀಖಿನ ಲೆಕ್ಕದಲ್ಲಿ ಬರೆಯುತ್ತೇನೆ. ಅಧಿಕಮಾಸ ಬಂದರೆ ಹಬ್ಬ ಜಾರುತ್ತದೆ, ಹಕ್ಕಿ ಜಾರುವುದಿಲ್ಲ. ಅದು ನಂಬುವುದು ಹಗಲಿನ ಉದ್ದವನ್ನು.

ಎಲ್ಲರಿಗಿಂತ ಮುಂಚೆ ಬರುವವರು ಶ್ರಾವಣದಲ್ಲೇ ಬರುತ್ತಾರೆ. ಆಗಸ್ಟಿನಲ್ಲಿ ಹೊಂಡಗಳ ಅಂಚಿಗೆ ಹಸಿರು ಗೊರವ, ಹೊಲಗಳ ಮೇಲೆ ಗುಲಾಬಿ ಕಬ್ಬಕ್ಕಿಯ ಹಿಂಡು. ಇಲ್ಲಿನ ರೈತರು ಭೋರಡಿ ಎನ್ನುತ್ತಾರೆ. ಮುಂದೆ ಬಿಳಿಜೋಳ ಹಾಲ್ದೆನೆ ಕಟ್ಟಿದಾಗ ಕವಣೆ ಬೀಸುವುದು ಇದರ ಮೇಲೆಯೇ, ಆದರೆ ಅಲ್ಲಿಯವರೆಗೆ ಅದು ಮಿಡತೆ ತಿಂದು ಉಪಕಾರವನ್ನೇ ಮಾಡಿರುತ್ತದೆ. ಸೆಪ್ಟೆಂಬರಿನಲ್ಲಿ ತಂತಿಗಳ ಮೇಲೆ ಕವಲುತೋಕೆಗಳು, ಪೊದೆಗಳೊಳಗಿಂದ "ಟಕ್, ಟಕ್" ಎನ್ನುವ ಬ್ಲೈತನ ಉಲಿಯಕ್ಕಿ. ಈ ಉಲಿಯಕ್ಕಿಯನ್ನು ಕಣ್ಣಿನಿಂದ ಹುಡುಕಬೇಡಿ, ಕಿವಿಯಿಂದ ಲೆಕ್ಕಹಾಕಿ.

ಸೆಪ್ಟೆಂಬರ್ ನಡುವಿನಿಂದ ಅಕ್ಟೋಬರ್ ನಡುವಿನವರೆಗಿನ ನಾಲ್ಕು ವಾರವೇ ನನ್ನ ಪ್ರಕಾರ ವರ್ಷದ ಸಾರ. ಆಗ ಇಲ್ಲಿ ಉಳಿಯಲು ಬರುವವರ ಜೊತೆಗೆ ಬರೀ ದಾಟಿಹೋಗುವವರೂ ಇರುತ್ತಾರೆ. ಯುರೋಪಿನ ನೀಲಕಂಠ, ಚುಕ್ಕೆಯ ನೊಣಹಿಡುಕ, ಒಮ್ಮೊಮ್ಮೆ ಕೋಗಿಲೆಯ ದಾಯಾದಿಯಾದ ಸಾಮಾನ್ಯ ಕುಕ್ಕೂ. ಇವರ ಚಳಿಗಾಲ ಆಫ್ರಿಕಾದಲ್ಲಿ, ನಮ್ಮ ನೆಲ ಬರೀ ತಂಗುದಾಣ. ನಮ್ಮ ನೀಲಕಂಠದ ಎದೆ ಕಂದು, ಯುರೋಪಿನದ್ದರ ತಲೆ, ಎದೆ, ಹೊಟ್ಟೆಯೆಲ್ಲ ತಿಳಿನೀಲಿ. ತಂತಿಯ ಮೇಲಿನ ಪ್ರತಿ ನೀಲಕಂಠವನ್ನೂ ಈ ಒಂದು ತಿಂಗಳು ಎರಡನೆಯ ಸಲ ನೋಡಿ. ನವೆಂಬರಿನಲ್ಲಿ ಅವುಗಳಿರುವುದಿಲ್ಲ.

ಸೀಗಿ ಹುಣ್ಣಿಮೆಯ ಹೊತ್ತಿಗೆ ಮಾಳಗಳಲ್ಲಿ ಹ್ಯಾರಿಯರ್‌ಗಳು ನೆಲೆಯಾಗಿರುತ್ತವೆ, ಕನ್ನಡದ ಪುಸ್ತಕಗಳು ಸೆಳೆವ ಎನ್ನುವ ಹಕ್ಕಿ. ದೀಪಾವಳಿಯ ನಂತರ ಬಾತುಗಳು, ಆಮೇಲೆ ಪಟ್ಟೆತಲೆ ಹೆಬ್ಬಾತು. ನವೆಂಬರ್ ಕೊನೆ, ಡಿಸೆಂಬರ್ ಮೊದಲಲ್ಲಿ ಲೋಣಾವಳದ ಆಕಾಶದಲ್ಲಿ ಅಮೂರ್ ಚಾಣ ಕಾಣಬಹುದು. ಪಾರಿವಾಳಕ್ಕಿಂತ ಚಿಕ್ಕದು. ಸೈಬೀರಿಯಾ, ಉತ್ತರ ಚೀನಾದಿಂದ ಹೊರಟು ನಾಗಾಲ್ಯಾಂಡಿನಲ್ಲಿ ತಂಗಿ, ನಮ್ಮ ತಲೆಯ ಮೇಲೆ ಹಾದು, ಅರಬ್ಬೀ ಸಮುದ್ರವನ್ನು ಒಂದೇ ಉಸಿರಿಗೆ ದಾಟಿ ಆಫ್ರಿಕಾದ ದಕ್ಷಿಣಕ್ಕೆ ಹೋಗುತ್ತದೆ. 2013ರ ನವೆಂಬರಿನಲ್ಲಿ ನಾಗಾಲ್ಯಾಂಡಿನಲ್ಲಿ ಮೂರು ಹಕ್ಕಿಗಳ ಬೆನ್ನಿಗೆ ಉಪಗ್ರಹ ಸಾಧನ ಕಟ್ಟಿ ಬಿಟ್ಟಾಗ ಈ ದಾರಿ ನಕ್ಷೆಯ ಮೇಲೆ ಮೂಡಿತು.

ಹೊತ್ತು, ಗಾಳಿ, ಕೂರುವ ರೀತಿ

ಚಿಕ್ಕ ಹಕ್ಕಿಗಳಲ್ಲಿ ಹೆಚ್ಚಿನವು ರಾತ್ರಿ ಹಾರಿ ನಸುಕಿನಲ್ಲಿ ಇಳಿಯುತ್ತವೆ. ಆದ್ದರಿಂದ ಸೂರ್ಯ ಮೂಡುವ ಇಪ್ಪತ್ತು ನಿಮಿಷ ಮೊದಲೇ ಜಾಗದಲ್ಲಿರಿ. ಮೊದಲ ಎರಡು ಗಂಟೆಯಲ್ಲಿ ಪೊದೆ, ನೀರಿನ ಅಂಚು. ಹತ್ತರಿಂದ ಹನ್ನೆರಡರ ನಡುವೆ ನೆಲ ಕಾದು ಬಿಸಿಗಾಳಿ ಏರುವಾಗ ಆಕಾಶ, ಹದ್ದು ಡೇಗೆಗಳೆಲ್ಲ ಆಗ ಸುತ್ತು ಹಾಕುತ್ತ ಮೇಲೇರುತ್ತವೆ. ನಡುವೆ ಒಂದು ಕಪ್ ಚಹಾ.

ಮುಂಗಾರು ಇಲ್ಲಿಂದ ಹಿಂದೆ ಸರಿಯುವುದು ಅಕ್ಟೋಬರ್ ಮೊದಲೆರಡು ವಾರಗಳಲ್ಲಿ. ಪಡುವಣ ಗಾಳಿ ನಿಂತು ಈಶಾನ್ಯದ ಕಡೆಯಿಂದ ಬೀಸತೊಡಗಿತು ಎಂದರೆ ಹಕ್ಕಿಗಳಿಗೆ ಬೆನ್ನ ಹಿಂದಿನಿಂದ ತಳ್ಳುವವರು ಸಿಕ್ಕಂತೆ. ಎರಡು-ಮೂರು ದಿನ ಮೋಡ, ಮಳೆ ಹಿಡಿದು, ಒಂದು ರಾತ್ರಿ ಆಕಾಶ ತಿಳಿಯಾದರೆ ಮರುದಿನ ನಸುಕು ತಪ್ಪಿಸಬೇಡಿ. ಆಫೀಸಿಗೆ ತಡವಾದರೂ ಸರಿ.

ಸಲಕರಣೆಗೆ 8×42ರ (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಗಾಜಿನ) ಒಂದು ದುರ್ಬೀನು ಸಾಕು. ಅಲೆದಾಡುವುದಕ್ಕಿಂತ ಕೂರುವುದು ಲಾಭ. ಇದನ್ನು ನನಗೆ ಕಲಿಸಿದ್ದು ಸಾಸವಡದಾಚೆ ಕುರಿ ಮೇಯಿಸುತ್ತಿದ್ದ ಜತ್ತ ಕಡೆಯ ಒಬ್ಬ ಅಜ್ಜ. ನಾನು ಮರಾಠಿಯಲ್ಲಿ ಶುರು ಮಾಡಿದರೆ ಅವನು ನನ್ನ ಉಚ್ಚಾರ ಕೇಳಿಯೇ ಕನ್ನಡಕ್ಕೆ ಬಂದ.

"ಏನ್ ನೋಡಾಕತ್ತೀರಿ ಸಾಹೇಬ್ರ?"

"ಹಕ್ಕಿ ನೋಡಾಕತ್ತೇನಜ್ಜಾ."

"ಹಕ್ಕಿ ನೋಡಾಕ ಇಷ್ಟ್ಯಾಕ ಓಡಾಡ್ತೀರಿ? ಕುಂದರ್ರಿ ಸುಮ್ಮ. ತಾವ ಬರ್ತಾವ."

ಕೂತೆ. ಅರ್ಧ ಗಂಟೆಯೊಳಗೆ ಒಂದು ಗಂಡು ಹ್ಯಾರಿಯರ್ ಹುಲ್ಲಿನ ಮೇಲೆ ಮಾರುದ್ದ ಎತ್ತರದಲ್ಲಿ ತೇಲಿಕೊಂಡು ನಮ್ಮಿಬ್ಬರ ಮುಂದೆಯೇ ಹೋಯಿತು. ಕುರಿಗಾರರ ನಾಯಿಗಳಿಗೆ ಹೆದರುವವರು ಮೊದಲು ಮಾಲೀಕನನ್ನು ಕೂಗಿ ಮಾತಾಡಿಸಿ, ಆಮೇಲೆ ಹತ್ತಿರ ಹೋಗಿ. ಕೂರುವ ಮುಂಚೆ ಕಲ್ಲಿನ ಸಂದಿ ನೋಡಿಕೊಳ್ಳಿ, ಇದು ಮಂಡಲದ ಹಾವಿನ ನೆಲವೂ ಹೌದು. ಸಂಜೆ ಹ್ಯಾರಿಯರ್‌ಗಳು ಹುಲ್ಲಿನಲ್ಲಿ ಒಟ್ಟಾಗಿ ಮಲಗಲು ಇಳಿಯುವ ಕಡೆ ನಡೆದಾಡಬೇಡಿ. ಎಬ್ಬಿಸಿದರೆ ಕತ್ತಲಲ್ಲಿ ಮತ್ತೆ ಜಾಗ ಹುಡುಕಬೇಕಾಗುತ್ತದೆ.

ನೋಟ್‌ಬುಕ್ಕಿನಲ್ಲಿ ಬರೆಯಬೇಕಾದ್ದು: ತಾರೀಖು, ಶುರು ಮತ್ತು ಮುಗಿದ ಹೊತ್ತು, ಗಾಳಿ, ಪ್ರತಿ ಜಾತಿಯ ಎಣಿಕೆ. ಏನೂ ಬಾರದ ದಿನವನ್ನೂ ಬರೆಯಿರಿ. ಸೆಪ್ಟೆಂಬರ್ 6ಕ್ಕೆ "ಸಿಪಿಲೆ ಇಲ್ಲ" ಎಂದು ಬರೆದಿದ್ದರೆ ಮಾತ್ರ 9ಕ್ಕೆ "ಸಿಪಿಲೆ 1" ಎನ್ನುವುದಕ್ಕೆ ಬೆಲೆ. ಗುರುತು ಸಿಗದಿದ್ದರೆ "ಹ್ಯಾರಿಯರ್, ಹೆಣ್ಣು, ಯಾವುದೋ" ಎಂದೇ ಬರೆಯಿರಿ, ಅದರಲ್ಲಿ ಅವಮಾನವಿಲ್ಲ. ಮನೆಗೆ ಬಂದು ಹಕ್ಕಿಗಳ ಎಣಿಕೆ ಸೇರಿಸುವ ಇ-ಬರ್ಡ್ ಜಾಲತಾಣಕ್ಕೆ ಹಾಕಿದರೆ ನಿಮ್ಮ ಲೆಕ್ಕ ಇತರರಿಗೂ ಸಿಗುತ್ತದೆ.

ಸ್ಕೋಪ್, ಅಂದರೆ ಮುಕ್ಕಾಲಿಯ ಮೇಲೆ ನಿಲ್ಲಿಸುವ ದೂರದರ್ಶಕ, ಇರುವವರು ಹುಣ್ಣಿಮೆಯ ರಾತ್ರಿ ಅದನ್ನು ಚಂದ್ರನಿಗೆ ಗುರಿಯಿಟ್ಟು ಮುಕ್ಕಾಲು ಗಂಟೆ ಕೂತು ನೋಡಿ. ಚಂದ್ರಬಿಂಬದ ಮೇಲೆ ಕರಿಯ ಚುಕ್ಕೆಗಳು ರೆಕ್ಕೆ ಬಡಿಯುತ್ತ ದಾಟುತ್ತವೆ. ಬಿಂಬವನ್ನು ಗಡಿಯಾರ ಎಂದುಕೊಂಡು "1ರಲ್ಲಿ ಒಳಗೆ, 7ರಲ್ಲಿ ಹೊರಗೆ" ಎಂದು ಬರೆದುಕೊಳ್ಳುವುದು ಹಳೆಯ ಪದ್ಧತಿ. ಮಸುಕಾಗಿ ದೊಡ್ಡದಾಗಿ ಕಂಡರೆ ಅದು ಹತ್ತಿರದ ಹುಳ. ಚೂಪಾಗಿ ಚಿಕ್ಕದಾಗಿ ಕಂಡರೆ ಹಕ್ಕಿ. ತೂಗಾಡಿದರೆ ಬಾವಲಿ.

ಉಂಗುರ ಎಲ್ಲಿಂದ ಬಂತು

ನಂಬರು ಹಾಕಿದ ಅಲ್ಯೂಮಿನಿಯಂ ಉಂಗುರವನ್ನು ಹಕ್ಕಿಯ ಕಾಲಿಗೆ ಕ್ರಮವಾಗಿ ತೊಡಿಸಿದವನು ಡೆನ್ಮಾರ್ಕಿನ ಶಾಲಾ ಮಾಸ್ತರ ಹಾನ್ಸ್ ಕ್ರಿಶ್ಚಿಯನ್ ಮಾರ್ಟೆನ್‌ಸನ್, 1899ರಲ್ಲಿ, ಕಬ್ಬಕ್ಕಿಯ ಬಂಧುಗಳಾದ ಸ್ಟಾರ್ಲಿಂಗ್‌ಗಳಿಗೆ. ನಮ್ಮಲ್ಲಿ ಮುಂಬೈಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1927ರಲ್ಲಿ ಧಾರ್ ಸಂಸ್ಥಾನದಲ್ಲಿ ಆರಂಭಿಸಿತು. ಆದರೆ ದೊಡ್ಡ ಪ್ರಮಾಣದಲ್ಲಿ ಶುರುವಾದದ್ದು 1959ರಲ್ಲಿ, ಸಲೀಂ ಅಲಿಯವರ ಮುಂದಾಳುತನದಲ್ಲಿ. ಅದಕ್ಕೆ ನಮ್ಮ ಮಲೆನಾಡಿನದೂ ಒಂದು ಕಾರಣವಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಜನರಿಗೂ ಜ್ವರ ಹತ್ತಿ, ಮಂಗನ ಕಾಯಿಲೆ ಪತ್ತೆಯಾಯಿತು. ಅದರ ವೈರಾಣು ರಷ್ಯಾದ ಕಡೆ ಉಣ್ಣೆಗಳು (ರಕ್ತ ಹೀರುವ ಉಣುಗುಗಳು) ಹರಡುವ ಜ್ವರದ ವೈರಾಣುವಿನ ಹತ್ತಿರದ ನೆಂಟ. ಹಾಗಾದರೆ ಉತ್ತರದಿಂದ ಬರುವ ಹಕ್ಕಿಗಳ ಮೈಮೇಲಿನ ಉಣ್ಣೆಗಳು ಅದನ್ನು ತಂದವೇ ಎಂಬ ಅನುಮಾನ ಹುಟ್ಟಿತು, ವಿಶ್ವ ಆರೋಗ್ಯ ಸಂಸ್ಥೆ ಹಣ ಕೊಟ್ಟಿತು. ಹಕ್ಕಿ ತಂದದ್ದಕ್ಕೆ ಪುರಾವೆ ಸಿಗಲಿಲ್ಲ. ಆದರೆ ಆ ನೆಪದಲ್ಲಿ ಲಕ್ಷಾಂತರ ಕಾಲುಗಳಿಗೆ ಉಂಗುರ ಬಿತ್ತು.

ಉಂಗುರದ ಮೇಲೆ ಇಂಗ್ಲಿಷಿನಲ್ಲಿ "ಇನ್‌ಫಾರ್ಮ್ ಬಾಂಬೆ ನ್ಯಾಟ್. ಹಿಸ್ಟ್. ಸೊಸೈಟಿ", ಅಂದರೆ ಈ ಸೊಸೈಟಿಗೆ ತಿಳಿಸಿ, ಎಂದು ಕೆತ್ತಿ, ಕೆಳಗೆ ಅಕ್ಷರ ಮತ್ತು ಸಂಖ್ಯೆ ಹಾಕಿರುತ್ತಾರೆ. ಈ ಕಥೆ ಮನೆಯಲ್ಲಿ ಹೇಳಿದಾಗ ಹೆಂಡತಿ ತನ್ನ ಕಾಲುಂಗುರ ನೋಡಿಕೊಂಡು, "ಕಳೆದುಹೋದರ ಯಾರಿಗೆ ಇನ್‌ಫಾರ್ಮ್ ಮಾಡಬೇಕಂತ ಇದರ ಮ್ಯಾಲೂ ಬರಸರಿ," ಅಂದಳು.

ಬಲೆಯ ಹತ್ತಿರ

ನೀವಾಗಿ ಬಲೆ ಹಾಕುವಂತಿಲ್ಲ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಕಾಡುಹಕ್ಕಿಯನ್ನು ಹಿಡಿಯುವುದೂ ಬೇಟೆಯೇ. ಪರವಾನಗಿ ಇರುವ ಸಂಶೋಧಕರ ಶಿಬಿರದಲ್ಲಿ ಸ್ವಯಂಸೇವಕರಾಗಿ ಹೋಗಬಹುದು. ಮೊದಲ ದಿನ ನಿಮ್ಮ ಪಾಲಿಗೆ ಬರುವುದು ಬಿದಿರು ಹೊರುವುದು, ವಹಿ ಬರೆಯುವುದು. ಬರೆಯುವ ಕೆಲಸವನ್ನೇ ಕೇಳಿ ಪಡೆಯಿರಿ, ಎಲ್ಲವೂ ಕಾಣುವುದು ಅಲ್ಲಿಂದಲೇ.

ಮಬ್ಬು ಬಲೆ ಎಂದರೆ ಕೂದಲಿನಷ್ಟು ಸಣ್ಣ ಕರಿ ನೂಲಿನದು. ಪೊದೆಯ ಮುಂದೆ ಕಟ್ಟಿದರೆ ನಸುಕಿನಲ್ಲಿ ನಮಗೇ ಕಾಣುವುದಿಲ್ಲ. ಉದ್ದಕ್ಕೂ ನಾಲ್ಕು ಸಾಲು ಜೋಳಿಗೆ, ಬಡಿದ ಹಕ್ಕಿ ಜೋಳಿಗೆಯೊಳಗೆ ಬೀಳುತ್ತದೆ. ಅರ್ಧ ಗಂಟೆಗೊಮ್ಮೆ, ಬಿಸಿಲಾದರೆ ಇನ್ನೂ ಬೇಗ, ಬಲೆ ನೋಡಲೇಬೇಕು. ಮಳೆ, ಸುಡುಬಿಸಿಲು, ಜೋರು ಗಾಳಿಯಲ್ಲಿ ಬಲೆ ಮುಚ್ಚಬೇಕು. ಬಿಡಿಸುವ ಸೂತ್ರ ಸರಳ: ಹಕ್ಕಿ ಯಾವ ಬದಿಯಿಂದ ಹೊಕ್ಕಿತೋ ಅದೇ ಬದಿಯಿಂದ ಹೊರಕ್ಕೆ. ಸೂತ್ರವೇನೋ ಸರಳ, ಬೆರಳಿಗೆ ಬರಲು ವರ್ಷ ಬೇಕು.

ಬಿಡಿಸಿದ ಹಕ್ಕಿ ಬಟ್ಟೆಯ ಚೀಲಕ್ಕೆ ಹೋಗುತ್ತದೆ. ಕತ್ತಲಾದೊಡನೆ ಅದು ಸುಮ್ಮನಾಗುತ್ತದೆ. ಮೇಜಿನ ಬಳಿ ಉಂಗುರ ಹಾಕುವವರು ಅದನ್ನು ಅಂಗೈಗೆ ಬೆನ್ನು ತಾಗಿಸಿ, ತೋರುಬೆರಳು ಮತ್ತು ನಡುಬೆರಳ ನಡುವೆ ಕುತ್ತಿಗೆ ಬರುವಂತೆ ಹಿಡಿಯುತ್ತಾರೆ. ಎದೆಯನ್ನು ಒತ್ತಬಾರದು, ಎದೆ ಏರಿಳಿಯದಿದ್ದರೆ ಹಕ್ಕಿಗೆ ಉಸಿರಿಲ್ಲ. ಮೊದಲು ಉಂಗುರ, ಆಮೇಲೆ ಉಳಿದದ್ದೆಲ್ಲ, ಏಕೆಂದರೆ ಕೈಜಾರಿ ಹಾರಿದರೂ ಉಂಗುರವಾದರೂ ಹೋಗಿರುತ್ತದೆ. ಕಾಲಿನ ದಪ್ಪಕ್ಕೆ ತಕ್ಕ ಅಳತೆಯ ಉಂಗುರವನ್ನು ಇಕ್ಕಳದ ತೂತಿನಲ್ಲಿಟ್ಟು ಮುಚ್ಚಿದಾಗ ಎರಡು ತುದಿಗಳು ಸಂದಿಲ್ಲದಂತೆ ಕೂಡಬೇಕು. ಉಂಗುರ ಕಾಲಿನ ಮೇಲೆ ಸಲೀಸಾಗಿ ತಿರುಗಬೇಕು, ಜಾರಬೇಕು, ಪಾದದ ಮೇಲೆ ಇಳಿಯಬಾರದು. ನಂತರ ರೆಕ್ಕೆಯ ಉದ್ದ, ಗರಿ ಉದುರಿ ಹುಟ್ಟುವ ಹಂತ, ತೂಕ.

ನಾನು ಮರೆಯದ್ದು ಒಂದಿದೆ. ಕೈಯಲ್ಲಿದ್ದದ್ದು ಒಂದು ಉಲಿಯಕ್ಕಿ. ತೂಕ ಹನ್ನೊಂದು ಗ್ರಾಂ ಚಿಲ್ಲರೆ, ಮೂರು ಒಂದು ರೂಪಾಯಿ ನಾಣ್ಯದಷ್ಟು. ಉಂಗುರ ಹಾಕುವವರು ಅದರ ಗಂಟಲ ಕುಳಿಯ ಮೇಲೆ ಮೆಲ್ಲನೆ ಊದಿದರು. ಗರಿ ಎರಡೂ ಕಡೆ ಬೈತಲೆಯಂತೆ ಸರಿದು, ತೆಳ್ಳನೆಯ ಚರ್ಮದಡಿ ತುಪ್ಪದ ಬಣ್ಣದ ಕೊಬ್ಬು ಕಂಡಿತು. ಅದೇ ಪಯಣದ ಬುತ್ತಿ. ಕುಳಿ ತುಂಬಿದ್ದರೆ ಇನ್ನೂ ಹಾರುವ ಶಕ್ತಿಯಿದೆ, ಖಾಲಿಯಿದ್ದರೆ ಈಗಷ್ಟೇ ಇಳಿದು ಹಸಿದಿದೆ. ನಾನು ವಹಿಯಲ್ಲಿ ಒಂದು ಅಂಕಿ ಬರೆದೆ, ಅವರು ಅಂಗೈ ಬಿಚ್ಚಿದರು, ಹಕ್ಕಿ ಒಂದು ಕ್ಷಣ ಅಲ್ಲಿಯೇ ಇತ್ತು, ಮತ್ತೆ ಇರಲಿಲ್ಲ.

ದೂರದಿಂದ ಓದುವುದು

ಲೋಹದ ಉಂಗುರವನ್ನು ದೂರದಿಂದ ಓದುವುದು ಕಷ್ಟ. ಅದಕ್ಕೇ ಈಗ ಬಣ್ಣದ ಉಂಗುರ, ಕಾಲಿನ ಮೇಲೆ ಚಿಕ್ಕ ಬಾವುಟದಂತೆ ನಿಲ್ಲುವ ಬಣ್ಣದ ಪಟ್ಟಿ, ಹೆಬ್ಬಾತುಗಳಿಗೆ ಅಕ್ಷರ ಬರೆದ ಕುತ್ತಿಗೆಪಟ್ಟಿ ಬಂದಿವೆ. ಮಂಗೋಲಿಯಾದಲ್ಲಿ ಪಟ್ಟಿ ತೊಟ್ಟ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಕರ್ನಾಟಕದ ಕೆರೆಗಳವರೆಗೂ ಬಂದಿವೆ. ಭಿಗವಣದಲ್ಲಿ ಹೆಬ್ಬಾತಿನ ಹಿಂಡು ಸಿಕ್ಕರೆ ಫೋಟೋಗೆ ಮೊದಲು ಒಂದೊಂದೇ ಕುತ್ತಿಗೆಯನ್ನು ಎಣಿಸಿದ ಹಾಗೆ ನೋಡುತ್ತ ಹೋಗಿ.

ಓದುವಾಗ ಎಡಗಾಲು ಮೊದಲು, ಮೇಲಿನಿಂದ ಕೆಳಕ್ಕೆ. ಮೊಣಕಾಲಿನಂತೆ ಕಾಣುವ ಗೆಣ್ಣಿನ ಮೇಲಿದೆಯೋ ಕೆಳಗಿದೆಯೋ, ಬಾವುಟವೋ ಉಂಗುರವೋ, ಯಾವ ಬಣ್ಣ. ಎಡ ಎಂದರೆ ಹಕ್ಕಿಯ ಎಡ. ನಾನು ಮೊದಲ ಸಲ ನನ್ನತ್ತ ಮುಖ ಮಾಡಿ ನಿಂತ ಗೊರವವನ್ನು ನನ್ನ ಎಡದ ಲೆಕ್ಕದಲ್ಲಿ ಬರೆದು ಕಳಿಸಿದ್ದೆ. ಅಂಥ ಹಕ್ಕಿಯೇ ಇಲ್ಲ ಎಂದು ಉತ್ತರ ಬಂತು. ಸಂಜೆಯ ಬೆಳಕಿನಲ್ಲಿ ಹಳದಿಯೂ ಕಿತ್ತಳೆಯೂ ಒಂದೇ, ಮಾಸಿದ ಬಿಳಿಯೂ ತಿಳಿಹಳದಿಯೂ ಒಂದೇ. ಅಕ್ಷರದಲ್ಲಿ 8 ಮತ್ತು ಬಿ, 5 ಮತ್ತು ಎಸ್ ಮೋಸ ಮಾಡುತ್ತವೆ. ಊಹಿಸಿ ತುಂಬಬೇಡಿ, ಕಾಣದ ಜಾಗದಲ್ಲಿ ಗೀಟು ಹಾಕಿ. ಸ್ಕೋಪಿನ ಕಣ್ಣಿಗೆ ಮೊಬೈಲ್ ಹಿಡಿದು ತೆಗೆದ ಕೆಟ್ಟ ಫೋಟೋ ಕೂಡ ನೆನಪಿಗಿಂತ ಮೇಲು.

ಬಾವುಟ ಹೆಚ್ಚು ಸಿಗುವುದು ಕಡಲಂಚಿನ ಕೆಸರಿನಲ್ಲಿ. ಹಾಗಾಗಿ ವರ್ಷಕ್ಕೆರಡು ಸಲ ನಾನು ಮುಂಬೈಗಿಳಿದು ಠಾಣೆ ಖಾರಿಗೆ, ಅಂದರೆ ನೆಲದೊಳಗೆ ಚಾಚಿದ ಕಡಲಿನ ಕವಲಿಗೆ, ಹೋಗುತ್ತೇನೆ. 2022ರಲ್ಲಿ ಅದು ರಾಮ್‌ಸಾರ್ ತಾಣವಾಯಿತು, ಎಂದರೆ ಜಗತ್ತಿನ ಮಹತ್ವದ ಜೌಗುನೆಲಗಳ ಪಟ್ಟಿ ಸೇರಿತು. ಅಲ್ಲಿ ಗಡಿಯಾರಕ್ಕಿಂತ ತಿಥಿ ಮುಖ್ಯ. ಕೋಳಿ ಎಂಬ ಸಮುದಾಯದ ಮೀನುಗಾರರ ಲೆಕ್ಕ ಹೀಗಿದೆ: ತಿಥಿಯನ್ನು ಮೂರರಿಂದ ಗುಣಿಸಿ ನಾಲ್ಕರಿಂದ ಭಾಗಿಸಿದರೆ ಭರತಿ ತುಂಬುವ ಹೊತ್ತು. ಚೌತಿಗೆ 3 ಗಂಟೆ, ಅಷ್ಟಮಿಗೆ 6, ದ್ವಾದಶಿಗೆ 9, ಹಗಲಿಗೂ ರಾತ್ರಿಗೂ. ಅರ್ಧ-ಮುಕ್ಕಾಲು ಗಂಟೆ ಆಚೀಚೆ ಆಗುತ್ತದೆ, ಆದರೂ ಮನೆಯ ಕಾಲನಿರ್ಣಯ ಕ್ಯಾಲೆಂಡರ್ ನೋಡಿಯೇ ರೈಲಿನ ಟಿಕೀಟು ತೆಗೆಸಬಹುದು. ನೀರು ತುಂಬುವ ಎರಡು ಗಂಟೆ ಮೊದಲು ಅಲ್ಲಿರಿ. ಏರುವ ನೀರು ಹಕ್ಕಿಗಳನ್ನು ನಿಮ್ಮತ್ತ ತಳ್ಳುತ್ತ ಬರುತ್ತದೆ. ಇನ್ನೊಂದು, ಐರೋಳಿ, ನೆರೂಳ್ ಇರುವುದು ಖಾರಿಯ ಮೂಡಣ ದಂಡೆಯಲ್ಲಿ, ಬೆಳಿಗ್ಗೆ ಸೂರ್ಯ ನಿಮ್ಮ ಬೆನ್ನಿಗಿರುತ್ತಾನೆ. ಶಿವಡಿ ಪಡುವಣ ದಂಡೆ, ಅಲ್ಲಿ ಮಧ್ಯಾಹ್ನದ ಮೇಲೆ. ಅಂದರೆ ನೆರೂಳಿಗೆ ದ್ವಾದಶಿ, ಶಿವಡಿಗೆ ಷಷ್ಠಿ. ಬೆಳಕಿಗೆ ಎದುರಾಗಿ ನಿಂತರೆ ಎಲ್ಲ ಬಾವುಟವೂ ಕಪ್ಪೇ.

ತಿಳಿಸುವುದು

ಕಾಲಲ್ಲಿ ಉಂಗುರವಿದ್ದ ಮಾತ್ರಕ್ಕೆ ವಲಸೆ ಹಕ್ಕಿಯಲ್ಲ. ಪುಣೆ, ಮುಂಬೈಯಲ್ಲಿ ಪಂದ್ಯದ ಪಾರಿವಾಳ ಸಾಕುವವರೂ ಉಂಗುರ ಹಾಕುತ್ತಾರೆ. 2023ರಲ್ಲಿ ಮುಂಬೈ ಬಂದರಿನ ಬಳಿ ಉಂಗುರ ತೊಟ್ಟ ಒಂದು ಪಾರಿವಾಳ ಸಿಕ್ಕಿ, ಚೀನಾದ ಗೂಢಚಾರನೆಂದು ಎಂಟು ತಿಂಗಳು ಬಂಧನದಲ್ಲಿತ್ತು. ಕೊನೆಗೆ ಅದು ತೈವಾನಿನ ಪಂದ್ಯದ ಪಾರಿವಾಳವೆಂದು ತಿಳಿದು 2024ರ ಜನವರಿಯಲ್ಲಿ ಬಿಡುಗಡೆಯಾಯಿತು. ಉಂಗುರವನ್ನು ಓದಬಲ್ಲವರು ಮೊದಲ ದಿನವೇ ಇದ್ದಿದ್ದರೆ ಅಷ್ಟು ದಿನದ ಕಾಳು ಉಳಿಯುತ್ತಿತ್ತು.

ಜೀವಂತ ಹಕ್ಕಿಯ ಉಂಗುರ ಬಿಚ್ಚಬೇಡಿ, ಓದಲೆಂದು ಅಟ್ಟಿಸಿಕೊಂಡು ಹೋಗಬೇಡಿ. ಸತ್ತ ಹಕ್ಕಿ ಸಿಕ್ಕರೆ ಬರಿಗೈಯಲ್ಲಿ ಮುಟ್ಟಬೇಡಿ. ಪ್ಲಾಸ್ಟಿಕ್ ಚೀಲವನ್ನು ತಿರುಗಮುರುಗ ಮಾಡಿ ಕೈಗವಸಿನಂತೆ ಹಾಕಿಕೊಂಡು, ಉಂಗುರವನ್ನು ಸುತ್ತಲೂ ತಿರುಗಿಸಿ ನಾಲ್ಕು ಫೋಟೋ ತೆಗೆಯಿರಿ. ಬರೆಯಬೇಕಾದ್ದು: ಉಂಗುರದ ಮೇಲಿನ ಪ್ರತಿ ಅಕ್ಷರ ಮತ್ತು ಸಂಖ್ಯೆ, ಹಕ್ಕಿ ಯಾವುದು, ತಾರೀಖು, ಹಳ್ಳಿ-ತಾಲ್ಲೂಕು, ಮೊಬೈಲಿನ ನಕ್ಷೆಯಲ್ಲಿ ಸಿಗುವ ಅಕ್ಷಾಂಶ-ರೇಖಾಂಶ, ಜೀವಂತವೋ ಸತ್ತದ್ದೋ, ಸತ್ತಿದ್ದರೆ ಹೇಗೆ, ಜೊತೆಗೆ ಎಷ್ಟು ಹಕ್ಕಿಗಳಿದ್ದವು. ಮುಂಬೈ ಫೋರ್ಟ್‌ನಲ್ಲಿ ಲಯನ್ ಗೇಟಿನ ಎದುರು ಹಾರ್ನ್‌ಬಿಲ್ ಹೌಸಿನಲ್ಲಿರುವ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳಿಸಿ. ಉಂಗುರ ಪರದೇಶದ್ದಾದರೂ ಅವರಿಗೇ ತಿಳಿಸಬಹುದು.

ಉತ್ತರ ಬರಲು ಹೊತ್ತು ಹಿಡಿಯುತ್ತದೆ, ಕೆಲವೊಮ್ಮೆ ತಿಂಗಳುಗಳು. ಅಷ್ಟರೊಳಗೆ ಮಾಡಬೇಕಾದ ಕೆಲಸ ಒಂದಿದೆ. ಮರುದಿನ ಬೆಳಿಗ್ಗೆ ಅದೇ ಹೊತ್ತಿಗೆ ಅದೇ ಜಾಗಕ್ಕೆ ಹೋಗಿ, ಆ ಹಕ್ಕಿ ಇನ್ನೂ ಇದೆಯೇ ಎಂದು ನೋಡಿ, ಇದ್ದರೂ ಇಲ್ಲದಿದ್ದರೂ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಎಷ್ಟು ದಿನ ತಂಗಿತ್ತು ಎಂಬುದು ಉಂಗುರ ತೊಡಿಸಿದವರಿಗೂ ಗೊತ್ತಿರುವುದಿಲ್ಲ.